ಕ್ಯೋಟೋದಲ್ಲಿ ನೈಜೀರಿಯಾದ ಭಟ್ಟಿ

ಕಸ್ಟಮ್ಸ್ ಮೇಜು

ಟೋಕಿಯೋ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದಾಗ ಮೊದಲು ಹೊರಗೆ ಬಂದದ್ದು ಅಡಕೊತ್ತು. ಬಿಳಿ ಕೈಗವಸು ಹಾಕಿದ್ದ ಅಧಿಕಾರಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅದರ ಬಾಯಿ ತೆರೆದು ಮುಚ್ಚಿ, ನನ್ನ ಮುಖ ನೋಡಿದರು. ಇದು ಏನೆಂದು ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಜೇಬಿನಿಂದ ಒಂದು ಅಡಿಕೆ ತೆಗೆದು ಅದರ ಬಾಯಿಗಿಟ್ಟು ಟಕ್ಕೆಂದು ಎರಡು ಹೋಳು ಮಾಡಿ ತೋರಿಸಿದೆ. ಪಕ್ಕದ ಮೇಜಿನವರೂ ಬಂದು ನಿಂತರು. ಇನ್ನೊಮ್ಮೆ ಎಂದು ಬೆರಳು ಎತ್ತಿದರು. ಇನ್ನೊಮ್ಮೆ ಮಾಡಿದೆ. ಇಬ್ಬರೂ ತಲೆಬಾಗಿಸಿ ಅಡಕೊತ್ತನ್ನು ನನಗೆ ವಾಪಸು ಕೊಟ್ಟರು.

ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಗೌರಮ್ಮ ಮೆಲ್ಲಗೆ ಹೇಳಿದಳು: "ಬಂದು ಕಾಲಿಡೋ ಹೊತ್ತಿಗೇ ಇಲ್ಲೂ ಅಂಗಡಿ ಹಚ್ಚಿದ್ರಲ್ಲ."

ಆ ಅಡಕೊತ್ತು ನಮ್ಮ ಅಪ್ಪನ ಕಾಲದ್ದು. ಹಿಡಿಕೆ ಹಿತ್ತಾಳೆಯದು. ಹರಿಹರದ ನಮ್ಮ ಮನೆಯಲ್ಲಿ ಯಾವ ಮಾತುಕತೆ ಮುಗಿದರೂ ಕೊನೆಗೆ ಎಲೆ ಅಡಿಕೆಯ ತಟ್ಟೆ ಬರಬೇಕು. ಭತ್ತದ ವ್ಯಾಪಾರವಾಗಲಿ, ಮದುವೆ ಮಾತಾಗಲಿ, ನಮ್ಮ ಮಂಡಕ್ಕಿ ಭಟ್ಟಿಗೆ ಹೊಸ ಆಳು ಸೇರುವುದಾಗಲಿ. ಅಡಿಕೆ ಕತ್ತರಿಸುವುದು ಕಿರಿಯನ ಕೆಲಸ. ಎಲೆಯಲ್ಲಿಟ್ಟು ಕೊಡುವುದು ಹಿರಿಯನ ಕೆಲಸ. ಚಿಕ್ಕಂದಿನಿಂದ ಕತ್ತರಿಸುತ್ತ ಬಂದವನು ನಾನಾದ್ದರಿಂದ ಅಡಕೊತ್ತು ಯಾವಾಗಲೂ ನನ್ನ ಬಳಿಯೇ ಇರುತ್ತಿತ್ತು. ಹಾಗೆಯೇ ಯೋಚನೆ ಮಾಡದೆ ಜಪಾನಿಗೂ ಬಂದುಬಿಟ್ಟಿತು.

ಓಜಿಮಾ

ನಾವು ಬಂದದ್ದು ಮಗಳು ಶಿಲ್ಪಾಳ ಎರಡನೆಯ ಹೆರಿಗೆಗೆ. ಮಗುವಿನ ಹೆಸರಿಟ್ಟು ಹೊರಡುವುದು ಎಂದು ಲೆಕ್ಕ. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ವೀಸಾವನ್ನು ಮುಂದಕ್ಕೆ ಹಾಕಿಸಿಕೊಂಡು, ಮತ್ತೊಮ್ಮೆ ಹಾಕಿಸಿಕೊಂಡು, ಮಗು ಬೋರಲು ಬಿದ್ದು ತೆವಳುವುದನ್ನೂ ನೋಡಿದೆವು.

ಓಜಿಮಾ ಎಂದರೆ ಟೋಕಿಯೋದ ಒಂದು ಬಡಾವಣೆ. ದೊಡ್ಡ ದೊಡ್ಡ ವಸತಿ ಕಟ್ಟಡಗಳು. ಬಾಲ್ಕನಿ ನೋಡಿದರೆ ಸಾಕು, ಯಾರ ಮನೆ ಎಂದು ಹೇಳಬಹುದು. ಜಪಾನಿನವರ ಹಾಸಿಗೆ ಬಿಸಿಲಿಗೆ ಬಿದ್ದಿರುತ್ತದೆ, ನಮ್ಮವರ ಸೀರೆ. ಮೊದಲೆಲ್ಲ ಸಂಜೆ ಕೆಳಗಿನ ಮೈದಾನದಲ್ಲಿ ಕನ್ನಡವೂ ತಮಿಳೂ ಕೇಳುತ್ತಿತ್ತಂತೆ. ನಾವು ಇದ್ದಾಗ ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರದಿಂದ ಕಣ್ಣಿನಲ್ಲೇ ನಕ್ಕು ಹೋಗುತ್ತಿದ್ದರು. ಕಣ್ಣಿನಲ್ಲಿ ನಗುವುದು ಜಪಾನಿನವರಿಗೆ ಚೆನ್ನಾಗಿ ಬರುತ್ತದೆ. ನಮಗೆ ಬಾಯಿ ಬೇಕು.

ಒಂದು ದಿನ ಕೊಂಬಿನಿಯಲ್ಲಿ, ಅಂದರೆ ಇಲ್ಲಿ ಬೀದಿಗೆರಡು ಇರುವ, ಹಗಲು ರಾತ್ರಿ ತೆರೆದಿರುವ ಅಂಗಡಿಯಲ್ಲಿ, ಒಂದು ಪೊಟ್ಟಣ ಕಂಡು ನಿಂತುಬಿಟ್ಟೆ. ಒಳಗೆ ಮಂಡಕ್ಕಿ! ಮನೆಗೆ ತಂದು ಬಾಯಿಗೆ ಹಾಕಿದರೆ ಮೇಲೆಲ್ಲ ಸಕ್ಕರೆ ಪಾಕ. ಕಾಳು ಚೆನ್ನಾಗಿ ಅರಳಿತ್ತು, ಆದರೆ ಮರಳಿನಲ್ಲಿ ಹುರಿದದ್ದಲ್ಲ, ಯಾವುದೋ ಯಂತ್ರದ್ದು. ಹುರಿದ ವಾಸನೆಯೇ ಇರಲಿಲ್ಲ. ಮೊಮ್ಮಗಳು ಸಾನ್ವಿ ನನ್ನ ಮುಖ ನೋಡಿ, "ಅಜ್ಜ, ದೈಜೋಬು?" ಎಂದಳು. ಆರಾಮಾಗಿದ್ದೀಯಾ ಎಂದು ಅದರ ಅರ್ಥ. ಕನ್ನಡ ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಅವಳಿಗೆ ಬೇಕಾದ ಭಾಷೆಯಲ್ಲಿ.

ಆರಾಮಾಗಿರಲಿಲ್ಲ. ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪ ಕಟ್ಟಿದ್ದು, ಅಣ್ಣ ಕೊಟ್ರಪ್ಪ ನಡೆಸುವುದು, ನಾನು ಅವನ ಹಿಂದೆ ದುಡಿಯುವುದು. ಲಾಕ್‌ಡೌನಿನಲ್ಲಿ ಖಾನಾವಳಿ, ಗಾಡಿ, ಜಾತ್ರೆ ಎಲ್ಲ ಬಂದಾಗಿ ಮಂಡಕ್ಕಿ ಕೇಳುವವರಿಲ್ಲದೆ ಭಟ್ಟಿ ಆರಿತು. ನಾನು ಹುಟ್ಟಿದ ಮೇಲೆ ಅದು ಅಷ್ಟು ಕಾಲ ತಣ್ಣಗಿದ್ದದ್ದು ಇಲ್ಲ. ಹೀಗಿರುವಾಗ ಒಂದು ದಿನ ಅಣ್ಣನ ಫೋನು ಬಂತು.

"ಗಿರಾಕಿ ಬಂದಾರಲೇ ಈರಾ. ಭಟ್ಟಿ ಜಾಗ ಕೇಳ್ತಾರೆ. ಗೋಡೌನ್ ಕಟ್ತಾರಂತೆ. ನೀ ಏನಂತಿ?"

"ನೀ ಹೇಳಿದಂಗ ಅಣ್ಣ."

"ನಾ ಹೇಳಿದಂಗಲ್ಲಲೇ. ನೀ ಏನಂತಿ ಅಂತ ಕೇಳಿದೆ."

"ನೀ ಹೆಂಗಂದ್ರೂ ಸೈ."

"ಆತು" ಎಂದು ಅಣ್ಣ ಫೋನು ಇಟ್ಟ.

ಮಾರುವುದು ನನಗೆ ಬೇಡವಾಗಿತ್ತು. ಆದರೆ ಅಣ್ಣನ ಎದುರು ಬೇಡ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ. ಅಪ್ಪ ಹೋದ ಮೇಲೆ ಮನೆ ಹೊತ್ತವನು ಅವನು. ನನಗೆ ಮೀಸೆ ಬಂದ ಮೇಲೆ, ಓದಲಿ ಎಂದು ರಾತ್ರಿ ಶಾಲೆಗೆ ಕಳಿಸಿದವನೂ ಅವನೇ. ಈಗ ಇದನ್ನು ಒಂದೊಂದೇ ಅಕ್ಷರ ಹುಡುಕಿ ಮೊಬೈಲಿನಲ್ಲಿ ಒತ್ತುತ್ತಿದ್ದೇನೆಂದರೆ ಅದಕ್ಕೂ ಅವನೇ ಕಾರಣ.

"ಬ್ಯಾಡ ಅನ್ನಾಕೆ ಬಾಯಿಗೇನಾಗಿತ್ತು?" ಎಂದಳು ಗೌರಮ್ಮ. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ದಿನವೂ ಹಾಗೆಯೇ ಕೂರುತ್ತಿದ್ದುದನ್ನು ನೋಡಿ ಶಿಲ್ಪಾ ಕ್ಯೋಟೋಗೆ ಟಿಕೆಟ್ ತೆಗೆಸಿದಳು. ಅಲ್ಲಿ ಗೌರಮ್ಮನ ತಂಗಿಯ ಮಗ ಮಂಜು ವಿಶ್ವವಿದ್ಯಾಲಯದಲ್ಲಿ ಭತ್ತದ ಬೇರಿನ ಮೇಲೆ ಸಂಶೋಧನೆ ಮಾಡುತ್ತಾನೆ. "ಎರಡು ದಿನ ಹೋಗಿ ಬನ್ನಿ ಅಪ್ಪಾಜಿ. ಈಗ ಕೇಸ್‌ಗಳೂ ಕಡಿಮೆ ಇವೆ. ಆ ಕತ್ತರಿ ಮಾತ್ರ ಬಿಟ್ಟು ಹೋಗಿ, ಟ್ರೈನಲ್ಲಿ ಯಾರಾದ್ರೂ ನೋಡಿದ್ರೆ ಗಾಬರಿ ಆಗ್ತಾರೆ."

ಗೌರಮ್ಮ ಅದನ್ನು ಟವೆಲಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಚೀಲದ ತಳಕ್ಕೆ ಇಟ್ಟಳು. ಅಡಿಕೆ ಇಲ್ಲದೆ ನಾನು ಹೇಗಿರುತ್ತೇನೆಂದು ಮಗಳಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು.

ರೈಲು

ಶಿಂಕಾನ್ಸೆನ್ ರೈಲಿನ ವೇಗದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಅದರಲ್ಲಿ ಕಷ್ಟವಾದದ್ದು ಊಟ. ಕೂಸಿನ ಜೊತೆ ಉಳಿದ ಗೌರಮ್ಮನಿಂದ ಚಪಾತಿ, ಬೆಳ್ಳುಳ್ಳಿ ಚಟ್ನಿಪುಡಿ ಕಟ್ಟಿಸಿಕೊಂಡು ಒಬ್ಬನೇ ಹೊರಟಿದ್ದೆ. ಡಬ್ಬಿ ತೆಗೆದೆ. ಬೋಗಿಯಲ್ಲಿ ಎಷ್ಟು ಮೌನವಿತ್ತೆಂದರೆ ಬೆಳ್ಳುಳ್ಳಿಯ ವಾಸನೆಯೇ ಗದ್ದಲ ಮಾಡಿದಂತಾಯಿತು. ಮುಚ್ಚಿಬಿಟ್ಟೆ. ನಮ್ಮ ರೈಲಾದರೆ ಇಷ್ಟು ಹೊತ್ತಿಗೆ ಎದುರಿನವರು ಒಂದು ಚಪಾತಿ ತೆಗೆದುಕೊಂಡು, ಅವರ ಮೊಸರನ್ನ ನನ್ನ ಡಬ್ಬಿಗೆ ಹಾಕಿ, ಎಷ್ಟು ಮಕ್ಕಳು ಎಂದು ಕೇಳಿ ಮುಗಿದಿರುತ್ತಿತ್ತು.

ಫ್ಯೂಜಿ ಪರ್ವತ ಬಲಗಡೆ ಬರುತ್ತದೆ, ಕಣ್ಣು ಮುಚ್ಚಬೇಡಿ ಎಂದು ಅಳಿಯ ಹೇಳಿ ಕಳಿಸಿದ್ದ. ಅದು ಬರುವ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ನಡುಗಿತು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಇಲ್ಲಿ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡುವಂತಿಲ್ಲ. ಎರಡು ಬೋಗಿಗಳ ನಡುವಿನ ಬಾಗಿಲ ಬಳಿ ಹೋಗಿ ನಿಂತೆ. ನಿಂತದ್ದು ಎಡಗಡೆಯ ಬಾಗಿಲು.

"ಈರಣ್ಣ, ಅವರು ನಿನ್ನೆ ಬಂದಿದ್ರಪ್ಪ."

"ಯಾರು?"

"ಭಟ್ಟಿ ಕೇಳಾಕೆ ಬಂದೋರು. ಕಾರಿನಾಗ ಮೂರು ಮಂದಿ. ಬಾಯಿಗೆ ಮಾಸ್ಕು, ಕೈಗೆ ಉಂಗುರ. ಮಂಡಕ್ಕಿ ಒಗ್ಗರಣೆ ಹಾಕಿದೆ, ಮೆಣಸಿನಕಾಯಿ ಕರಿದೆ. ಮಾಸ್ಕು ಗದ್ದಕ್ಕೆ ಇಳಿಸಿ ಚೊಕ್ಕ ತಿಂದ್ರು ನೋಡು. ಎರಡು ಸಲ ಚಾ ಆತು."

"ಅಣ್ಣ ಏನಂದ?"

"ಏನಂತಾರೆ? ಹೂಂ ಹೂಂ ಅಂದ್ಕೊಂತ ಕುಂತಿದ್ರು. ಎಲ್ಲ ಮಾತೂ ಆತು. ಅವರು ಕೈ ಮುಗಿದು ಕಾರು ಹತ್ತಿದ್ರು. ಮುಗೀತಪ್ಪ, ಇನ್ನೇನೈತಿ." ಅತ್ತಿಗೆಯ ದನಿ ತುಸು ಒಡೆಯಿತು. ಅದನ್ನು ಮುಚ್ಚಲು ನನ್ನ ಮೇಲೆ ತಿರುಗಿದಳು. "ನೀನಂತೂ ಅಡಕೊತ್ತು ಒಯ್ದು ಅಲ್ಲಿ ಕುಂತಿ. ಇಲ್ಲಿ ನಿಮ್ಮಣ್ಣಾರು ಕಲ್ಲಿನಾಗ ಅಡಿಕೆ ಜಜ್ಜಿ ಜಜ್ಜಿ ನನ್ನ ಕಟ್ಟೆ ಕೆಡಿಸ್ಯಾರೆ. ಹೊಸಾದು ತಗಳ್ರಿ ಅಂದ್ರೆ ಕೇಳವಲ್ರು."

ಫೋನು ಇಟ್ಟು ಸೀಟಿಗೆ ಬಂದೆ. ಪಕ್ಕದ ಸಾಲಿನ ಮುದುಕರೊಬ್ಬರು ತಮ್ಮ ಕಿಟಕಿಯಿಂದ ಫೋಟೋ ತೆಗೆದು ಮುಗಿಸಿ ಫೋನು ಚೀಲಕ್ಕಿಡುತ್ತಿದ್ದರು. ಫ್ಯೂಜಿ ಹೋಗಿತ್ತು.

ಬಸ್ಸು

ಕ್ಯೋಟೋದಲ್ಲಿ ಬಸ್ಸು ಹತ್ತುವುದು ಹಿಂದಿನ ಬಾಗಿಲಿನಿಂದ, ಇಳಿಯುವಾಗ ಮುಂದೆ ಬಂದು ಚಾಲಕನ ಪಕ್ಕದ ಡಬ್ಬಿಗೆ ದುಡ್ಡು ಹಾಕುವುದು. ಮಂಜು ಹೇಳಿದ್ದ. ನನ್ನ ತಲೆ ಹರಿಹರದಲ್ಲಿತ್ತು. ಮುಂದಿನ ಬಾಗಿಲಿನಲ್ಲಿ ಹತ್ತಿದೆ. ಚಾಲಕ ತಲೆಬಾಗಿಸಿ ಏನೋ ಹೇಳಿದ. ನಮಸ್ಕಾರ ಮಾಡಿದನೆಂದು ನಾನೂ ತಲೆಬಾಗಿಸಿದೆ. ಅವನು ಇನ್ನಷ್ಟು ಬಾಗಿದ. ನಾನೂ ಬಾಗಿದೆ. ಇಳಿಯಬೇಕಾದವರು ನನ್ನ ಎದುರು ಸಾಲಾಗಿ ಕಾಯುತ್ತ ನಿಂತರು. ಒಬ್ಬರೂ ತುಟಿ ಎರಡು ಮಾಡಲಿಲ್ಲ. ಹಿಂದಿನಿಂದ ಹತ್ತಿದ್ದ ಮಂಜು ಅಷ್ಟು ದೂರದಿಂದ ಓಡಿ ಬಂದ.

"ದೊಡ್ಡಪ್ಪ, ಅವ್ನು ಹಿಂದಿಂದ ಬನ್ನಿ ಅಂತಿದಾನೆ. ಸುಮಿಮಾಸೆನ್ ಅನ್ನಿ, ಸಾಕು."

ಸುಮಿಮಾಸೆನ್ ಎಂದೆ. ಕ್ಷಮಿಸಿ ಎನ್ನಲೂ, ಇಲ್ಲಿ ನೋಡಿ ಎನ್ನಲೂ, ಉಪಕಾರವಾಯಿತು ಎನ್ನಲೂ ಜಪಾನಿನವರು ಅದನ್ನೇ ಹೇಳುತ್ತಾರೆ. ನಮ್ಮೂರ ಕಂಡಕ್ಟರ್ ಆಗಿದ್ದರೆ "ಏನ್ ಯಜಮಾನ್ರೇ, ಮಾವನ ಮನೆ ಬಾಗಿಲಾ ಇದು?" ಎನ್ನುತ್ತಿದ್ದ, ಬಸ್ಸೆಲ್ಲ ನಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಯಾರೂ ನಗದೆ ಇದ್ದದ್ದರಿಂದ ನನ್ನ ತಪ್ಪು ಇಳಿಯುವವರೆಗೂ ನನ್ನ ಜೊತೆಯೇ ಕೂತಿತ್ತು.

ಸಿನಿಮಾ

ಮಧ್ಯಾಹ್ನ ಮಂಜು ಹೇಳಿದ: "ದೊಡ್ಡಪ್ಪ, ದೇವಸ್ಥಾನ ನಾಳೆ ನೋಡೋಣ. ಇವತ್ತು ನಿಮ್ಮ ಭಟ್ಟಿ ಸಿನಿಮಾಗೆ ಹೋಗೋಣ."

"ನಮ್ಮ ಭಟ್ಟಿ ಸಿನಿಮಾನಾ?"

ಮೊಬೈಲಿನಲ್ಲಿ ಒಂದು ಪೋಸ್ಟರ್ ತೋರಿಸಿದ. ಇಟ್ಟಿಗೆಯ ದೊಡ್ಡ ಒಲೆ, ಒಳಗೆ ಬೆಂಕಿ, ಎದುರು ಬೆವರಿದ ಇಬ್ಬರು ಗಂಡಸರು. ನೈಜೀರಿಯಾ ದೇಶದ ಚಿತ್ರ. ಬ್ರೆಡ್ ಮಾಡುವ ಒಂದು ಕುಟುಂಬದ ಕಥೆ. ಹೆಸರು ಜಪಾನಿ ಅಕ್ಷರದಲ್ಲಿತ್ತು, ನನಗೆ ಇವತ್ತಿಗೂ ಗೊತ್ತಿಲ್ಲ. ತನ್ನ ಜೊತೆ ಕೆಲಸ ಮಾಡುವ ನೈಜೀರಿಯಾದ ಸ್ನೇಹಿತನೂ ಸೀದಾ ಅಲ್ಲಿಗೇ ಬರುತ್ತಾನೆ, ಆಮೇಲೆ ಅವನ ಮನೆಯಲ್ಲಿ ಊಟ ಎಂದ.

ಥಿಯೇಟರ್ ನಮ್ಮ ಭಟ್ಟಿಯ ಚೀಲ ಇಡುವ ಕೋಣೆಯಷ್ಟು. ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ಒಂದು ಬಿಟ್ಟು ಒಂದು ಸೀಟಿಗೆ ಕಾಗದ ಅಂಟಿಸಿದ್ದರು. ಮಂಜು ಅತ್ತ, ನಾನು ಇತ್ತ, ನಡುವೆ ಖಾಲಿ. ಪಿಸುಗುಟ್ಟಿ ಅರ್ಥ ಹೇಳುವ ಹಾಗೂ ಇಲ್ಲ.

ಹೊರಗಿನವರು ಬಂದಾಗ ಇಂಗ್ಲಿಷ್, ಮನೆಯವರ ನಡುವೆ ಇಗ್ಬೋ ಎಂಬ ಅವರ ಭಾಷೆ, ಕೆಳಗೆ ಜಪಾನಿ ಅಕ್ಷರ. ಮೂರರಲ್ಲಿ ನನಗೆ ಇಂಗ್ಲಿಷಿನ ಚೂರುಪಾರು ಬಿಟ್ಟರೆ ಏನೂ ಬಾರದು. ಆದರೂ ಕಥೆ ಕೈಗೆ ಸಿಗುತ್ತಿತ್ತು. ನದಿ ದಂಡೆಯ ಊರು. ಗೋಡೆಯ ಮೇಲೆ ತೀರಿಹೋದ ಅಪ್ಪನ ಫೋಟೋ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ತಾಯಿ. ದೊಡ್ಡ ಮಗ ದಪ್ಪ ಆಳು, ಎಲ್ಲದಕ್ಕೂ ಕೂಗಾಡುವವನು. ಚಿಕ್ಕವನು ಹಿಟ್ಟು ನಾದುತ್ತಾನೆ, ಮಾತೇ ಇಲ್ಲ. ನಸುಕಿನಲ್ಲಿ ಎದ್ದು ಒಲೆಗೆ ಕಟ್ಟಿಗೆ ತುಂಬುವುದು, ಕೈ ಒಳಗಿಟ್ಟು ಕಾವು ನೋಡುವುದು, ಮೈಗೆಲ್ಲ ಬೂದಿ. ಅಷ್ಟರಲ್ಲಿ ಊರಿಗೆ ಯಂತ್ರದ ಬ್ರೆಡ್ಡಿನ ವ್ಯಾನು ಬರುತ್ತದೆ. ಗಿರಾಕಿ ಕಡಿಮೆಯಾಗುತ್ತಾರೆ. ತಾಯಿ ದೊಡ್ಡ ಮಗನನ್ನು ಬೈಯುತ್ತಾಳೆ, ಬೈಯುತ್ತಲೇ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾಳೆ. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಆಮೇಲೆ ಕೊಳ್ಳುವವರು ಬಂದರು. ಸೂಟು ಹಾಕಿದ ಇಬ್ಬರು, ದೂರದ ದೊಡ್ಡ ಊರಿನವರು. ದೊಡ್ಡ ಮಗ ಒಂದು ಮರದ ತಟ್ಟೆ ತಂದ. ಅದರಲ್ಲಿ ನಾಲ್ಕಾರು ಕಾಯಿ, ಕೆಂಪು ಬೆರೆತ ಕಂದು ಬಣ್ಣ, ಅಡಿಕೆಗಿಂತ ದೊಡ್ಡವು. ತಟ್ಟೆ ಕೈಯಿಂದ ಕೈಗೆ ಹೋಯಿತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಮುಟ್ಟಿದರು. ಸೂಟಿನವನು ಫೋನು ನೋಡುತ್ತಲೇ ಮುಟ್ಟಿ ದಾಟಿಸಿದ. ತಟ್ಟೆ ತಿರುಗಿ ದೊಡ್ಡ ಮಗನ ಬಳಿ ಬಂತು. ಅವನು ಅದನ್ನು ಪಕ್ಕದ ಮಣೆಯ ಮೇಲೆ ಇಟ್ಟ. ಮಾತು ಶುರುವಾಯಿತು. ಚಿಕ್ಕ ಮಗ ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಅವನು ನಿಂತ ಭಂಗಿ ನನ್ನದೇ. ಕೊನೆಗೆ ಸೂಟಿನವನು ಎದ್ದು "ಅಗ್ರೀಡ್" ಎಂದ. ಅದು ನನಗೆ ತಿಳಿಯಿತು. ದೊಡ್ಡ ಮಗ ಕೈ ಕುಲುಕಿದ.

ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಗಹಗಹಿಸಿ ನಕ್ಕರು.

ಉಸಿರು ಬಿಟ್ಟರೂ ಕೇಳುವ ಮೌನದಲ್ಲಿ ಆ ಒಂದೇ ನಗು. ಕೋಪ ಬಂತು. ತಿರುಗಿ ದುರುಗುಟ್ಟಿ ನೋಡಿದೆ. ಕತ್ತಲಲ್ಲಿ ದೊಡ್ಡ ದೇಹದ ಒಬ್ಬ ಮನುಷ್ಯ, ಮಾಸ್ಕಿನ ಮೇಲೆ ಕೈ ಒತ್ತಿಕೊಂಡು ಭುಜ ಕುಣಿಸುತ್ತಿದ್ದ. ಒಂದು ಮನೆಯ ಬೆಂಕಿ ಆರುವಾಗ ನಗುವುದೇ?

ಕಾರು ಹೊರಟಿತು. ಪರದೆಯ ಮೇಲೆ ಆ ತಟ್ಟೆ ಮಾತ್ರ ಉಳಿಯಿತು. ತಾಯಿ ನಿಧಾನವಾಗಿ ಎದ್ದು ಬಂದು ಅದರ ಮೇಲೆ ಬಟ್ಟೆ ಹೊದಿಸಿದಳು. ಸತ್ತವರ ಮುಖಕ್ಕೆ ಹೊದಿಸಿದ ಹಾಗೆ ಕಂಡಿತು ನನಗೆ. ಅಲ್ಲಿಗೆ ಸಿನಿಮಾ ಮುಗಿಯಿತು. ಎದ್ದು ನಿಂತೆ. ನಿಂತವನು ನಾನೊಬ್ಬನೇ. ಇಲ್ಲಿ ಕೊನೆಯ ಹೆಸರು ಹೋಗಿ ದೀಪ ಹತ್ತುವವರೆಗೆ ಯಾರೂ ಅಲುಗುವುದಿಲ್ಲ. ಮತ್ತೆ ಕೂತೆ. ಯಾರ್‍ಯಾರದೋ ಹೆಸರುಗಳು ಮೇಲೇರುತ್ತಿದ್ದವು. ಮಾಸ್ಕಿನ ಒಳಗೆ ಮೂಗು ಸುರಿಯುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬರು ಮುಖ ತಿರುಗಿಸದೆಯೇ ಒಂದು ಸಣ್ಣ ಟಿಶ್ಯೂ ಪೊಟ್ಟಣವನ್ನು ಹಿಂದಕ್ಕೆ ಚಾಚಿದರು. ತೆಗೆದುಕೊಂಡೆ. ಅವರ ಮುಖವನ್ನು ನಾನು ನೋಡಲೇ ಇಲ್ಲ.

ಎಮೆಕಾನ ಕೋಣೆ

ಹೊರಗೆ ಬಂದಾಗ ಆ ನಕ್ಕ ಮನುಷ್ಯ ಸೀದಾ ನಮ್ಮ ಕಡೆಗೇ ಬಂದ. "ದೊಡ್ಡಪ್ಪ, ಇವ್ನೇ ಎಮೆಕಾ" ಎಂದ ಮಂಜು.

ಎಮೆಕಾ ತಲೆಬಾಗಿಸಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ತಿಳಿಯದ್ದನ್ನು ಮಂಜು ಕನ್ನಡ ಮಾಡಿದ. "ನೀವು ನನ್ನನ್ನ ನೋಡಿದ ನೋಟಕ್ಕೆ ನಮ್ಮ ಅಜ್ಜನ ನೆನಪಾಯ್ತು, ದೊಡ್ಡಪ್ಪ-ಸಾನ್." ದೊಡ್ಡಪ್ಪ ಎಂಬುದು ನನ್ನ ಹೆಸರೆಂದು ಅವನು ತಿಳಿದಿದ್ದ. ಸಾನ್ ಎಂಬುದು ಜಪಾನಿನವರ ಮರ್ಯಾದೆ. ತಿದ್ದಬೇಡ ಎಂದು ಮಂಜುಗೆ ಕಣ್ಸನ್ನೆ ಮಾಡಿದೆ.

ಅವನ ಕೋಣೆಯಲ್ಲಿ ಸೈಕಲ್ಲೂ ಇತ್ತು, ಹಾಸಿಗೆಯೂ ಇತ್ತು, ಒಲೆಯೂ ಇತ್ತು. ನಾನು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ಕೇಳಿಕೊಂಡು ಅಲಸಂದೆಯಂಥ ಕಾಳು ಬೇಯಿಸಿದ್ದ, ಬಾಳೆಹಣ್ಣು ಕರಿದಿದ್ದ. ಆದರೆ ಬಡಿಸದೆ ಕೈಕಟ್ಟಿ ನಿಂತ.

"ಮೊದಲು ಕ್ಷಮೆ ಕೇಳಬೇಕು. ನನ್ನ ಮನೇಲಿ ಕೋಲಾ ಇಲ್ಲ. ಊರಿಂದ ಬರೋರು ತರ್ತಿದ್ರು. ಈಗ ಯಾರೂ ಬರೋ ಹಾಗಿಲ್ಲ."

ಕೋಲಾ ಎಂದರೆ ತಟ್ಟೆಯಲ್ಲಿ ಕಂಡ ಆ ಕಾಯಿ. ಅವರ ನಾಡಿನಲ್ಲಿ ಅತಿಥಿ ಬಂದರೆ ಮೊದಲು ಅದು. ಹಿರಿಯರು ಹರಸಬೇಕು, ಆಮೇಲೆ ಅದನ್ನು ಒಡೆದು ಎಲ್ಲರಿಗೂ ಹಂಚಬೇಕು. ಅಲ್ಲಿಯವರೆಗೆ ಆಡಿದ್ದು ಬರೀ ಹರಟೆ.

"ಹಂಗಾದ್ರೆ ನೀನು ನಕ್ಕಿದ್ಯಾಕೆ?" ಎಂದು ಕೇಳಿದೆ. "ಅಲ್ಲಿ ಮನೆ ಮುಳುಗ್ತಿತ್ತು."

ಎಮೆಕಾಗೆ ಮತ್ತೆ ನಗು ಬಂತು. "ಎಲ್ಲಿ ಮುಳುಗ್ತು? ಆ ತಟ್ಟೆ ನೋಡಲಿಲ್ವಾ? ಅಣ್ಣ ಕೋಲಾ ತಂದ, ತೋರಿಸಿದ, ಪಕ್ಕಕ್ಕಿಟ್ಟ. ಒಡೀಲೇ ಇಲ್ಲ! ಸೂಟ್‌ನೋರಿಗೆ ಅದು ಗೊತ್ತೇ ಆಗಲಿಲ್ಲ. ಕೈ ಕುಲುಕಿ ಖುಷಿಯಾಗಿ ಹೋದ್ರು. ನಮ್ಮೂರಲ್ಲಾಗಿದ್ರೆ ಥಿಯೇಟರ್ ಪೂರ್ತಿ ನಗ್ತಿತ್ತು. ಅಣ್ಣ ಏನನ್ನೂ ಕೊಟ್ಟಿಲ್ಲ, ದೊಡ್ಡಪ್ಪ-ಸಾನ್. ಅಮ್ಮ ಬಟ್ಟೆ ಮುಚ್ಚಿದ್ದು ಕಾಯಿ ಒಣಗದೇ ಇರ್ಲಿ ಅಂತ. ಇನ್ನೊಂದು ದಿನಕ್ಕೆ ಬೇಕಲ್ಲ."

"ಯಾಕೆ ಒಡೀಲಿಲ್ಲ?"

"ತಮ್ಮ ಬಾಯೇ ಬಿಡಲಿಲ್ವಲ್ಲ. ಅವನ ಮನಸ್ಸು ತಿಳೀದೆ ಅಣ್ಣ ಹೇಗೆ ಒಡೆಸ್ತಾನೆ?"

ನಾನು ಚೀಲದ ತಳದಿಂದ ಡಬ್ಬಿ ತೆಗೆದು, ಟವೆಲು ಬಿಚ್ಚಿ, ಅಡಕೊತ್ತನ್ನೂ ಉಳಿದಿದ್ದ ಅಡಿಕೆಯನ್ನೂ ಅವನ ಮೇಜಿನ ಮೇಲೆ ಇಟ್ಟೆ. "ನಮ್ಮ ಮನೇಲಿ ಇದು. ನಡೀತದಾ?"

ಎಮೆಕಾ ಅಡಿಕೆಯನ್ನು ಮೂಸಿ ನೋಡಿದ, ಎತ್ತಿ ದೀಪಕ್ಕೆ ಹಿಡಿದ, ಮುಖ ಅರಳಿತು. ತಟ್ಟೆಯಲ್ಲಿಟ್ಟು ಮೂವರಿಗೂ ಮುಟ್ಟಿಸಿದ. ಇಲ್ಲಿ ಹಿರಿಯರು ನೀವು, ಹರಸಿ ಎಂದ. ನನಗೆ ಮಂತ್ರ ಬಾರದು. ಬಾಯಿಗೆ ಬಂದದ್ದನ್ನು ಕನ್ನಡದಲ್ಲೇ ಹೇಳಿದೆ: "ಯಾರ ಮನೆ ಒಲೆನೂ ಆರದಿರಲಿ. ದೂರ ಇರೋರು ಮನೆ ಮುಟ್ಟಲಿ." ಎಮೆಕಾ ಕಣ್ಣು ಮುಚ್ಚಿ "ಇಸೇ" ಎಂದ. ಹಾಗೇ ಆಗಲಿ ಎನ್ನುವುದಂತೆ.

ಮಂಜು ಎಲ್ಲರಿಗಿಂತ ಕಿರಿಯ, ಅವನೇ ಕತ್ತರಿಸಬೇಕೆಂದು ಗೊತ್ತಾಯಿತು. ಡಾಕ್ಟರೇಟ್ ಮಾಡಿದ ಹುಡುಗ ಅಡಕೊತ್ತನ್ನು ಇಕ್ಕಳದ ಹಾಗೆ ಹಿಡಿದ. ಮೊದಲನೆಯ ಅಡಿಕೆ ಹಾರಿ ಸೈಕಲ್ಲಿನ ಕಡ್ಡಿಗೆ ಬಡಿಯಿತು. "ಲೇ, ಬೆರಳು!" ಎಂದು ಕೂಗಿದೆ. "ದೊಡ್ಡಪ್ಪ, ನೀವೇ ಮಾಡಿ ಪ್ಲೀಸ್" ಎಂದ. ಆಗಬಾರದು ಎಂದ ಎಮೆಕಾ. ಹಿರಿಯ ಹರಸುವವನು, ಒಡೆಯುವವನು ಬೇರೆ. ಎರಡನ್ನೂ ಒಬ್ಬನೇ ಮಾಡುವಂತಿಲ್ಲ.

ನನಗೆ ಹೊಳೆದದ್ದು ಆಗ. ಬೆಳಿಗ್ಗೆ ಅತ್ತಿಗೆ ರೈಲಿನಲ್ಲಿ ಹೇಳಿದ್ದು ಒಂದೊಂದಾಗಿ ನೆನಪಿಗೆ ಬಂತು. 'ಮಂಡಕ್ಕಿ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಕರಿದೆ. ಎರಡು ಸಲ ಚಾ. ಕೈ ಮುಗಿದು ಕಾರು ಹತ್ತಿದ್ರು.' ಎಲೆ ಅಡಿಕೆ ತಟ್ಟೆಯ ಮಾತೇ ಅದರಲ್ಲಿರಲಿಲ್ಲ. ಬಂದ ಸೊಸೆಯಂದಿರಿಗೆಲ್ಲ ಆ ತಟ್ಟೆ ಬೆಳಗುವುದನ್ನು ಕಲಿಸಿದ ಅತ್ತಿಗೆ, ಕೊಟ್ಟಿದ್ದರೆ ಹೇಳದೆ ಬಿಡುವವಳಲ್ಲ.

ಮಂಜು ಕೊನೆಗೆ ಕತ್ತರಿಸಿದ. ಒಂದು ಹೋಳು ದೊಡ್ಡದು, ಒಂದು ಪುಡಿ. ಎಮೆಕಾ ಅಗಿದು ಮುಖ ಹಿಂಡಿ, "ಕಹಿ ಸಾಲದು" ಎಂದ. ಅವರ ಕೋಲಾ ಇನ್ನೂ ಕಹಿಯಂತೆ. ಊಟ ಬಹಳ ಚೆನ್ನಾಗಿತ್ತು ಎಂದು ಮಂಜು ಆಮೇಲೆ ಹೇಳಿದ. ಬಾಳೆಹಣ್ಣು ಬಿಟ್ಟರೆ ನನಗೆ ಯಾವುದರ ರುಚಿಯೂ ನೆನಪಿಲ್ಲ.

ನದಿ

ಮರುದಿನ ಬೆಳಿಗ್ಗೆ ಕಾಮೋ ನದಿಯ ದಂಡೆಗೆ ಒಬ್ಬನೇ ಹೋದೆ. ಊರ ನಡುವೆ ಹರಿಯುವ ನದಿ. ನಮ್ಮ ತುಂಗಭದ್ರೆಯ ಮುಂದೆ ಕಾಲುವೆಯಷ್ಟೇ, ಆದರೆ ಎಷ್ಟು ಸ್ವಚ್ಛ! ದಾಟಲು ಸಾಲಾಗಿ ಕಲ್ಲು ಹಾಕಿದ್ದಾರೆ. ಬೆಳ್ಳಕ್ಕಿಯೊಂದು ಒಂಟಿ ಕಾಲಲ್ಲಿ ನಿಂತಿತ್ತು. ಬಾಯಲ್ಲಿ ಅಡಿಕೆ ಇತ್ತು, ಉಗುಳಲು ಜಾಗವಿಲ್ಲ. ಈ ದೇಶದಲ್ಲಿ ಬೀದಿಯಲ್ಲಿ ಕಸದ ಡಬ್ಬಿಯೇ ಇಲ್ಲ, ಆದರೆ ಕಸವೂ ಇಲ್ಲ. ಎಂದಿನ ಹಾಗೆ ನುಂಗಿಕೊಂಡೆ.

ಹರಿಹರದಲ್ಲಿ ಇನ್ನೂ ನಸುಕು. ಭಟ್ಟಿ ನಿಂತಿದ್ದರೂ ಅಣ್ಣ ಅದೇ ಹೊತ್ತಿಗೆ ಎದ್ದು ಅದರ ಕಟ್ಟೆಯ ಮೇಲೆ ಕೂರುತ್ತಾನೆಂದು ಗೊತ್ತಿತ್ತು. ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದ.

"ಏನಲೇ? ಎಲ್ಲ ಆರಾಮಾ? ಕೂಸು?"

"ಆರಾಮು. ಅಣ್ಣ, ಅವರು ಬಂದಿದ್ರಂತಲ್ಲ."

"ಹೂಂ."

"ಎಲೆ ಅಡಿಕೆ ಕೊಟ್ಟಿಯೇನು?"

ನೀರಿನ ಸದ್ದು ಕೇಳುತ್ತ ನಿಂತೆ. ಬೆಳ್ಳಕ್ಕಿ ಕಾಲು ಬದಲಿಸಿತು.

"ಹೆಂಗ ಕೊಡಲಿ?" ಎಂದ ಕೊನೆಗೆ. "ಅಡಕೊತ್ತು ನಿನ್ನ ತಾವ ಐತಲ್ಲೋ."

ಹರಿಹರದ ಸಂತೆಯಲ್ಲಿ ಅಡಕೊತ್ತಿಗೆ ಬರವೇ? ಅವನಿಗೂ ಗೊತ್ತು, ನನಗೂ ಗೊತ್ತು. ಹಾಗಾದರೆ ನಾನು 'ನೀ ಹೇಳಿದಂಗ' ಎಂದ ದಿನದಿಂದ ಅವನು ಕಲ್ಲಿನಲ್ಲಿ ಜಜ್ಜಿಕೊಂಡು ತಿನ್ನುತ್ತ ಕಾಯುತ್ತಿದ್ದ. ಇಷ್ಟು ವರ್ಷ ನಾನು ಮಾತಾಡದೆ ಇದ್ದದ್ದನ್ನು ಮರ್ಯಾದೆ ಎಂದುಕೊಂಡಿದ್ದೆ. ಅವನಿಗೆ ಅದು ಒಬ್ಬನೇ ಹೊರುವ ಹೊರೆಯಾಗಿತ್ತೇನೋ.

"ಅಣ್ಣ."

"ಹೇಳು."

"ಭಟ್ಟಿ ಮಾರೋದು ಬ್ಯಾಡ."

ಹೇಳಿ ಮುಗಿದ ಮೇಲೆ ದಂಡೆಯ ಕಲ್ಲಿನ ಮೇಲೆ ದೊಪ್ಪನೆ ಕೂತೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಜಪಾನಿ ಅಜ್ಜಿಯೊಬ್ಬರು ನಿಲ್ಲಿಸಿ, ದೈಜೋಬು ಎಂದು ಕೇಳಿದರು. ತಲೆಯಾಡಿಸಿದೆ. ಆ ಪದ ಅಷ್ಟು ಹೊತ್ತಿಗೆ ನನಗೆ ಬರುತ್ತಿತ್ತು. ದೈಜೋಬು ಎಂದೆ.

"ಅದ್ಯಾರಲೇ ಹೆಂಗಸು?" ಎಂದ ಅಣ್ಣ.

"ಯಾರೋ ಅಜ್ಜಿ. ಬಿದ್ದೀನಾ ಅಂತ ಕೇಳಿದ್ಲು."

"ಮಾರದಿದ್ರೆ ನಡಸೋದು ಹೆಂಗ? ಯೋಚನೆ ಮಾಡಿಯೇನು?"

"ಇಲ್ಲ."

"ನಾನೂ ಮಾಡಿಲ್ಲ." ಗಂಟಲು ಸರಿ ಮಾಡಿಕೊಂಡ. "ಬ್ಯಾಡ ಅನ್ನೋ ಒಂದು ಮಾತು ಹೇಳಾಕೆ ಜಪಾನಿಗೆ ಹೋಗಬೇಕಿತ್ತೇನಲೇ ನೀನು? ಇಲ್ಲೇ ಕಟ್ಟೆ ಮೇಲೆ ಕುಂತು ಹೇಳಿದ್ರೆ ಆಗ್ತಿರಲಿಲ್ವಾ?"

ನಾನು ನಕ್ಕೆ. ಅವನು ನಗಲಿಲ್ಲ, ಫೋನನ್ನೂ ಇಡಲಿಲ್ಲ. ಭಟ್ಟಿಯ ಕಟ್ಟೆಯ ಮೇಲೆ ಕಲ್ಲಿನಿಂದ ಅಡಿಕೆ ಜಜ್ಜುವ ಸದ್ದು ಹರಿಹರದಿಂದ ಕೇಳಿಸತೊಡಗಿತು.